ಉಂಗುರದೊಳಗಿನ ಆನೆ

ನಮ್ಮ ಅವ್ವನ ಬೆಳ್ಳಿ ಉಂಗುರದಲ್ಲಿ ಒಂದು ಆನೆ ವಾಸವಾಗಿತ್ತು ಎಂದರೆ ನೀವು ನಗಬೇಡಿ. ಇಡೀ ಆನೆಯಲ್ಲ, ಅದರ ಬಾಲದ ಒಂದೇ ಒಂದು ಕೂದಲು. ಉಂಗುರದ ಸುತ್ತ ಕೊರೆದ ಗೀರಿನೊಳಗೆ ಕರ್ರಗೆ ಮಲಗಿಕೊಂಡಿತ್ತು. ಮದುವೆಯಾಗಿ ಹರಿಹರಕ್ಕೆ ಬಂದ ಹೊಸದರಲ್ಲಿ ಅವ್ವ ನಿದ್ದೆಯಲ್ಲಿ ಬೆಚ್ಚಿ ಏಳುತ್ತಿದ್ದಳಂತೆ. ಊರೂರು ತಿರುಗುವ ಮಾವುತನೊಬ್ಬ ತುಂಗಭದ್ರೆಯಲ್ಲಿ ಆನೆಯ ಮೈ ತೊಳೆಯುತ್ತಿದ್ದಾಗ, ಅವಳ ಅತ್ತೆ ಒಂದು ಮೊರ ಅಕ್ಕಿ ಕೊಟ್ಟು ಆ ಕೂದಲನ್ನು ಪಡೆದಳು. ಆನೆಗೆ ಅಂಜಿಕೆಯಿಲ್ಲ, ಅದರ ಕೂದಲು ತೊಟ್ಟವರಿಗೂ ಇಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ನಂಬಿಕೆಗೆ ಬುಡ ಇತ್ತೋ ಇಲ್ಲವೋ, ಅವ್ವನಿಗೆ ನಿದ್ದೆ ಬಂದದ್ದಂತೂ ನಿಜ.

ಈಗ ಬೆಚ್ಚಿ ಏಳುವುದು ನನ್ನ ಮೊಮ್ಮಗಳ ಸರದಿ. ದಾವಣಗೆರೆಯಲ್ಲಿ ನಮ್ಮ ಮನೆ ಇರುವುದು ಕರೂರು ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ. ರಾತ್ರಿ ಪಾಳಿಯ ಸೈರನ್ ಕೂಗಿತೆಂದರೆ ಮಲಗಿದ್ದ ಮಗು ಎದ್ದು ಕೂತು ಗಡಗಡ ನಡುಗುತ್ತದೆ. ದೊಡ್ಡವಳಾದಂತೆ ಸರಿಹೋಗುತ್ತದೆ ಎಂದರು ಡಾಕ್ಟರು. ಅವ್ವನಿಗೆ ಅಷ್ಟು ತಾಳ್ಮೆ ಇಲ್ಲ. ಮರಿಮೊಮ್ಮಗಳಿಗೆ ಕೊಡೋಣವೆಂದು ಉಂಗುರ ಬಿಚ್ಚಿದರೆ, ಸವೆದು ಸವೆದು ನೂಲಿನಂತಾಗಿದ್ದ ಕೂದಲು ಪುಡಿಯಾಗಿ ಉದುರಿತು. ಹೊಸದು ಹಾಕಿಸಿಕೊಂಡು ಬರಲು ನನಗೆ ಅಪ್ಪಣೆಯಾಯಿತು.

ಬೆಳ್ಳಿ ಅಂಗಡಿಯ ಬಾಷಾ ಸಾಹೇಬರು ಉಂಗುರ ನೋಡಿ, "ಆನೆ ಕೂದ್ಲು ಮಾರಂಗಿಲ್ರೀ ಅಕ್ಕಾ, ಕಾನೂನು ಐತೆ" ಎಂದು ಹಿಂದಿರುಗಿಸಿದರು. ನಾನೋ ಹಟಮಾರಿ. ಹರಿಹರಕ್ಕೆ ಹೋಗಿ, ರುದ್ರಾಕ್ಷಿ, ಕಪ್ಪುದಾರ ಹರವಿಕೊಂಡು ಕೂತಿದ್ದವನ ಹತ್ತಿರ ಆನೆಯದೇ ಎಂದು ಅವನು ಆಣೆ ಮಾಡಿದ ಕೂದಲೊಂದನ್ನು ಗುಟ್ಟಾಗಿ ತಂದೆ.

ಮರಳುವ ಬಸ್ಸಿಗೆ ಇನ್ನೂ ಹೊತ್ತಿತ್ತು, ತುಂಗಭದ್ರೆಯ ದಂಡೆಯ ಮೇಲೆ ಕೂತಾಗ ಕಣ್ಣು ಮಂಪರಾಯಿತು. ಎಂದೋ ಓದಿದ್ದೆಲ್ಲ ನೀರಿನ ಮೇಲೆ ತೇಲಿ ಬಂತು. ಒಂದು ಕಾಲಕ್ಕೆ ಯೂಫ್ರೆಟಿಸ್ ನದಿಯ ದಂಡೆಯಿಂದ ಚೀನಾದ ಹಳದಿ ನದಿಯವರೆಗೂ ಆನೆಗಳು ನಡೆದಾಡುತ್ತಿದ್ದವಂತೆ. ಈಗ ಅಲ್ಲಿ ನದಿಗಳಷ್ಟೇ ಉಳಿದಿವೆ, ಚೀನಾದ ಆನೆಗಳು ದಕ್ಷಿಣದ ಒಂದು ಮೂಲೆ ಸೇರಿವೆ. ದಶಲಕ್ಷ ಆನೆಗಳ ನಾಡೆಂದು ಹೆಸರಾಗಿದ್ದ ಲಾವೋಸಿನಲ್ಲಿ ಇಂದು ಹೆಸರೇ ದೊಡ್ಡದು, ಹಿಂಡು ಸಣ್ಣದು. ಮೊಜಾಂಬಿಕ್‌ನ ಒಂದು ಕಾಡಿನಲ್ಲಿ ದಂತಕ್ಕಾಗಿ ಎಷ್ಟು ಕೊಂದರೆಂದರೆ, ಆಮೇಲೆ ದಂತವೇ ಇಲ್ಲದ ಹೆಣ್ಣುಮರಿಗಳು ಹೆಚ್ಚೆಚ್ಚು ಹುಟ್ಟತೊಡಗಿದವು. ಬೋಟ್ಸ್ವಾನಾದಲ್ಲಿ ಮಾತ್ರ ಆನೆಗಳೋ ಆನೆಗಳು. ಹೊಲಕ್ಕೆ ನುಗ್ಗಿದವೆಂದು ಅಲ್ಲಿಯ ರೈತರು ನಮ್ಮ ಸಕಲೇಶಪುರದವರ ಹಾಗೆಯೇ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಎಲ್ಲ ದೇಶದಲ್ಲೂ ಹಿಂಡಿನ ಮುಂದೆ ಒಬ್ಬಳು ಮುದಿ ಹೆಣ್ಣಾನೆ. ಬರಗಾಲದಲ್ಲಿ ನೀರಿನ ದಾರಿ ನೆನಪಿರುವುದು ಅವಳಿಗೆ. ಅವಳು ಸತ್ತರೆ ದಾರಿಯೂ ಸತ್ತಂತೆ. ಅರೆನಿದ್ದೆಯಲ್ಲಿ ಅವೆಲ್ಲ ಸಾಲಾಗಿ ನಮ್ಮ ಹೊಳೆ ದಾಟುತ್ತಿದ್ದವು. ನನಗೆ ತುಂಬ ದುಃಖವಾಯಿತು.

ಮನೆಗೆ ಬಂದು ಅವ್ವನಿಗೆ ಇದನ್ನೆಲ್ಲ ಹೇಳುತ್ತಲೇ ಕೂದಲು ಕೊಟ್ಟೆ. ಅವಳು ಕೇಳುತ್ತಲೇ ಅದರ ತುದಿಯನ್ನು ದೀಪಕ್ಕೆ ಹಿಡಿದಳು. ನಿಜವಾದ ಕೂದಲು ಸುಟ್ಟರೆ ಕಮಟು ವಾಸನೆ ಬರಬೇಕು. ಇದು ಮುದುಡಿ, ಕರಗಿ, ಸಾಸಿವೆಯಂಥ ಪ್ಲಾಸ್ಟಿಕ್ ಉಂಡೆಯಾಯಿತು. ನನ್ನ ಮುಖ ಸಣ್ಣದಾಯಿತು. ಅವ್ವ ಬೈಯಲಿಲ್ಲ. ಆ ಉಂಡೆಯನ್ನು ಉಗುರಿನಿಂದ ಚಿಮ್ಮಿ ಹೇಳಿದಳು: "ಹೋಗ್ಲಿ ಬಿಡು, ಖರೇದು ಬ್ಯಾಡ. ನಮ್ಮ ಅಂಜಿಕಿ ಹೋಗ್ಲಂತ ಆನಿ ಕೂದ್ಲು ಕಿತ್ವಿ. ಅದಕ್ಕ ಅಂಜಿಕಿ ಆದ್ರ ಯಾರ ಕೂದ್ಲು ಕಟ್ಟೋದು?"

ಆಮೇಲೆ ತನ್ನ ತುರುಬು ಬಿಚ್ಚಿದಳು. ಉದ್ದನೆಯ ಬಿಳಿ ಎಳೆಗಳನ್ನು ಎಳೆದು, ತೊಡೆಯ ಮೇಲೆ ಬತ್ತಿ ಹೊಸೆಯುವಂತೆ ಹೊಸೆದು, ಉಂಗುರದ ಖಾಲಿ ಗೀರಿನೊಳಗೆ ಸುತ್ತಿ ಗಂಟು ಹಾಕಿದಳು. ಕಪ್ಪುದಾರಕ್ಕೆ ಪೋಣಿಸಿ, ಮಲಗಿದ್ದ ಮಗುವಿನ ಮುಂಗೈಗೆ ಕಟ್ಟಿದಳು.

ಸೈರನ್ ಕೂಗಿತು. ಮಗು ಎದ್ದು ಕೂತಿತು, ಉಂಗುರವನ್ನು ಸವರಿ ನೋಡಿತು.

"ದೊಡ್ಡಜ್ಜಿ, ಇದು ಆನೀದಾ?"

"ಹ್ಞೂಂ, ಮುದಿ ಹೆಣ್ಣಾನೀದು" ಎಂದಳು ಅವ್ವ. "ಇಲ್ಲೇ ಐತೆ. ನೀ ಮಲಕ್ಕ."