ಠಾಣೆವರೆಗಿನ ತೋಳು

ನವೆಂಬರಿನ ಕೊನೆಯ ವಾರ, ಮಧ್ಯಾಹ್ನ. ಮಗಳು ತೃಷಾಳಿಗೆ ಅನ್ನ ತಿನ್ನಿಸುತ್ತಿದ್ದೆ. ಎದುರು ಫ್ಲ್ಯಾಟಿನ ನಳಿನಾಕ್ಷಿ ಮೌಶಿ ಬಂದು ಹಳೆಯ ಬಿಸ್ಕೀಟು ಡಬ್ಬಿಯೊಂದನ್ನು ಅಡುಗೆ ಕಟ್ಟೆಯ ಮೇಲಿಟ್ಟರು. ಅವರ ಉಲ್ಲನ್ ಕಡ್ಡಿಗಳೆಲ್ಲ ಅದರಲ್ಲಿದ್ದವು.

"ಇದು ನಿನ್ನತ್ರವೇ ಇರ್ಲಿ ದಾನೇಶ್ವರಿ. ನನ್ನ ಕೈ ಹೋಯ್ತು."

ಗಾಬರಿಯಾಗಿ ಅವರ ಕೈ ನೋಡಿದೆ. ಬೆರಳೆಲ್ಲ ಸರಿಯಾಗಿಯೇ ಇದ್ದವು. ಸರಿಯಿಲ್ಲದ್ದು ಡಬ್ಬಿಯ ತಳದಲ್ಲಿತ್ತು: ನನ್ನ ಮಗಳ ಮೊದಲ ಹುಟ್ಟುಹಬ್ಬಕ್ಕೆಂದು ಹೆಣೆಯುತ್ತಿದ್ದ ಹಳದಿ ಸ್ವೆಟರ್. ಮೈಯ ಭಾಗ ಮುಗಿದಿತ್ತು. ತೋಳನ್ನು ಮೂರು ಸಲ ಹೆಣೆದು ಮೂರು ಸಲ ಬಿಚ್ಚಿದ್ದರು. ದಾರವೆಲ್ಲ ಸುಕ್ಕು ಸುಕ್ಕಾಗಿತ್ತು.

ಮೌಶಿಗೆ ಅರವತ್ತೆರಡು. ಕಾರ್ಕಳದ ಕಡೆಯವರು. ಮದುವೆಯಾಗಿ ಮುಂಬಯಿಯ ಹೊರವಲಯದ ಈ ಠಾಕುರ್ಲಿಗೆ ಬಂದವರು ಇಲ್ಲೇ ಇದ್ದಾರೆ. ಗಂಡ ಲೋಕನಾಥ ಕಾಕಾ ಡೊಂಬಿವ್ಲಿಯ ಒಂದು ಹೋಟೆಲಿನ ಗಲ್ಲೆಯ ಮೇಲೆ ಕೂತವರು. ಮೌಶಿ ಇಪ್ಪತ್ತೇಳು ವರ್ಷ ಠಾಣೆ ಊರಿನ ಒಂದು ದವಾಖಾನೆಯಲ್ಲಿ ರೋಗಿಗಳ ಕೇಸ್‌ಪೇಪರ್ ಬರೆದರು. ಮೇ ತಿಂಗಳಲ್ಲಿ ರಿಟೈರ್ ಆದರು. ಆಮೇಲೆ ಕಾಮೋಠೆಯಲ್ಲಿರುವ ಮಗ ಶೈಲೇಶನ ಪಾಪುವಿಗೆ ಸ್ವೆಟರ್ ಹೆಣೆದರೆ ಒಂದು ತೋಳು ಇನ್ನೊಂದಕ್ಕಿಂತ ನಾಲ್ಕು ಬೆರಳು ಉದ್ದ ಬಂತು.

"ಸೊಸೆ ಅಮಿತಾ ನಗಾಡಿದ್ದಿದ್ರೆ ನಾನೂ ನಗಾಡ್ತಿದ್ದೆ. ಅವಳು ಪಾಪ, ಚಂದ ಮಡಚಿ ಕಪಾಟಿನೊಳಗೆ ಇಟ್ಳು." ಮೌಶಿಯ ಕಣ್ಣು ತುಂಬಿತು. "ಈಗ ನಿನ್ನ ಮಗಳದ್ದೂ ಹಾಗೇ ಆಗ್ತಾ ಉಂಟು."

"ಮೊದಲ ಇಷ್ಟ್ ಮಂದಿಗೆ ಹೆಣದೀರಲ್ರೀ ಮೌಶಿ, ಆವಾಗ ಹ್ಯಾಂಗ್ ಎಣಿಸ್ತಿದ್ರಿ?"

"ಎಣಿಸ್ಲಿಕ್ಕೆ ಎಂತ ಉಂಟು? ಸ್ಟೇಷನ್ ಬಂತು, ಎರಡು ಕುಣಿಕೆ ಏರಿಸಿದೆ. ಅಷ್ಟೇ."

ಚಮಚ ನನ್ನ ಕೈಯಲ್ಲೇ ನಿಂತಿತು. ತೃಷಾ ಬಾಯಿ ತೆರೆದು ಕಾಯುತ್ತಿದ್ದಳು.

ಆಗ ಗೊತ್ತಾಯಿತು. ಇವರು ಇಷ್ಟು ವರ್ಷ ಹೆಣೆದದ್ದೆಲ್ಲ ಬೆಳಗಿನ ಸ್ಲೋ ಲೋಕಲ್‌ನಲ್ಲಿ. ಕಲ್ಯಾಣದಲ್ಲಿ ಹತ್ತುತ್ತಿದ್ದ ಗೆಳತಿಯರು ಲೇಡೀಸ್ ಡಬ್ಬಿಯಲ್ಲಿ ಇವರಿಗೊಂದು ಜಾಗ ಹಿಡಿದಿಡುತ್ತಿದ್ದರು; ಅವರೆಲ್ಲರ ಮಕ್ಕಳಿಗೆ ಇವರು ಹೆಣೆದ ಸ್ವೆಟರ್. ಮಣಿಕಟ್ಟಿನ ಪಟ್ಟಿಯನ್ನು ಮನೆಯಲ್ಲೇ ಹೆಣೆದುಕೊಂಡು ಠಾಕುರ್ಲಿಯಲ್ಲಿ ಹತ್ತುವುದು. ಡೊಂಬಿವ್ಲಿ, ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ: ಒಂದೊಂದು ಸ್ಟೇಷನ್ನಿಗೆ ಎರಡೆರಡು ಕುಣಿಕೆ ಹೆಚ್ಚಿಸುತ್ತ ಹೋದರೆ ಠಾಣೆಗೆ ವರ್ಷದ ಮಗುವಿನ ತೋಳು ತಯಾರು. ಬಾಯಿ ಹರಟೆಯಲ್ಲಿ, ಕೈ ಕೆಲಸದಲ್ಲಿ.

"ಐದು ವರ್ಷದ ಮಗುವಾದ್ರೆ ಮುಲುಂಡ್‌ವರೆಗೆ ಹೋಗ್ಬೇಕು. ನಾನು ಠಾಣೆಗೇ ಇಳೀಬೇಕಲ್ಲ, ಉಳಿದದ್ದು ಊಟದ ಹೊತ್ತಿಗೆ," ಎಂದರು. ಒಮ್ಮೆ ಮಳೆಗಾಲದಲ್ಲಿ ಗಾಡಿಯನ್ನು ಫಾಸ್ಟ್ ಹಳಿಗೆ ಹಾಕಿ, ದಿವಾ ಬಿಟ್ಟರೆ ಠಾಣೆಯಲ್ಲೇ ನಿಲ್ಲಿಸಿದ್ದರಂತೆ. ಮೌಶಿ ಹರಟುತ್ತಲೇ ಹೆಣೆದಿದ್ದರು. ಆ ತೋಳು ಕೊಳವೆಯ ಹಾಗೆ ನೆಟ್ಟಗೆ ಬಂದಿತ್ತು. ಗೆಳತಿಯರು ಅದನ್ನು "ಫಾಸ್ಟ್ ಸ್ವೆಟರ್" ಎಂದು ವರ್ಷವಿಡೀ ಕಾಡಿದ್ದರು.

ನಾನು ಸ್ವಲ್ಪ ಲೆಕ್ಕಾಚಾರದ ಹೆಂಗಸು. ಕಾಗದದ ಮೇಲೆ ಆರು ಚೌಕ ಬರೆದು, ನಾಲ್ಕು ಸಾಲಿಗೊಂದು ಗೀಟು ಹಾಕಿ ಎಂದೆ. ಗೀಟು ಹಾಕಲು ಹೋಗಿ ಕುಣಿಕೆ ಜಾರಿತು. ಮೊಬೈಲಿನಲ್ಲಿ ನಾಲ್ಕು ನಿಮಿಷಕ್ಕೊಮ್ಮೆ ಅಲಾರಂ ಇಟ್ಟೆ. ಮೊದಲನೆಯದಕ್ಕೆ ಮೌಶಿ ಬೆಚ್ಚಿದರು, ಎರಡನೆಯದಕ್ಕೆ ತೃಷಾ ಎದ್ದು ಅತ್ತಳು.

ಮರುದಿನ ಮಧ್ಯಾಹ್ನ ಅವರ ಬಾಗಿಲು ಬಡಿದೆ. ಹೆಗಲಿಗೆ ಡೈಪರ್ ಚೀಲ, ಸೊಂಟದಲ್ಲಿ ಮಗಳು, ಕೈಯಲ್ಲಿ ಬಿಸ್ಕೀಟು ಡಬ್ಬಿ.

"ನಡೀರಿ ಮೌಶಿ, ಠಾಣೆಗೆ ಹೋಗಿ ಬರೂಣು."

"ಠಾಣೆಯಲ್ಲಿ ಎಂತ ಕೆಲಸ?"

"ಏನೂ ಇಲ್ರಿ. ಹೋಗೂದು, ಬರೂದು."

ಒಳಗಿನಿಂದ ಲೋಕನಾಥ ಕಾಕಾ ಕೂಗಿದರು: "ಸ್ವೆಟರ್ ಹೆಣೀಲಿಕ್ಕೆ ರೈಲೇ ಬೇಕಾ ಇವಳಿಗೆ? ಠಾಕುರ್ಲಿಯ ಸೆಕೆಗೆ ಸ್ವೆಟರೇ ಬೇಡ, ಮತ್ತೆ ರೈಲು ಬೇರೆ!"

"ಇಪ್ಪತ್ತು ಡಿಗ್ರಿ ಆದ ಕೂಡ್ಲೆ ಕಿವಿಗೆ ಮಫ್ಲರ್ ಸುತ್ತುದು ಯಾರು? ಅದು ಯಾರು ಹೆಣೆದದ್ದು?" ಎನ್ನುತ್ತಲೇ ಮೌಶಿ ಚಪ್ಪಲಿ ಮೆಟ್ಟಿದರು.

ಮಧ್ಯಾಹ್ನದ ಸ್ಲೋ ಗಾಡಿ ಖಾಲಿ ಇತ್ತು. ಮೌಶಿ ಕಿಟಕಿ ಬಳಿ ಕೂತು ಕಡ್ಡಿ ಹಿಡಿದರು. ಡೊಂಬಿವ್ಲಿ ಬರುವವರೆಗೆ ಕೈಯನ್ನೇ ನೋಡುತ್ತಿದ್ದರು, ಮುಖ ಬಿಗಿದಿತ್ತು. ನಾನು ಬೇಕೆಂದೇ ಅವರ ಅತ್ತೆಯ ವಿಷಯ ತೆಗೆದೆ. ಕೋಪರ್ ಹೊತ್ತಿಗೆ ಮೌಶಿ ನನ್ನ ಕಡೆ ತಿರುಗಿ, ಅತ್ತೆ ಮೀನು ಹೆಚ್ಚುವ ಶೈಲಿಯನ್ನು ಆಡಿ ತೋರಿಸುತ್ತಿದ್ದರು. ಗಾಡಿ ನಿಂತಾಗ ಕೈ ತಾನಾಗಿ ಎರಡು ಕುಣಿಕೆ ಏರಿಸಿತು. ಅವರು ನೋಡಲೂ ಇಲ್ಲ.

ದಿವಾ ದಾಟಿದ ಮೇಲೆ ಗಾಡಿ ಸಿಗ್ನಲ್‌ಗೆ ನಿಂತುಬಿಟ್ಟಿತು. ಐದು ನಿಮಿಷ, ಹತ್ತು ನಿಮಿಷ. ಮುಗಿಯಿತು, ಈ ತೋಳೂ ಉದ್ದವಾಗುತ್ತದೆ ಎಂದುಕೊಂಡೆ. ನೋಡಿದರೆ ಮೌಶಿ ಕಡ್ಡಿಗಳನ್ನು ಮಡಿಲಲ್ಲಿಟ್ಟು ತೃಷಾಳ ಕೆನ್ನೆ ಹಿಂಡುತ್ತಿದ್ದರು.

"ಯಾಕ್ರಿ, ಹೆಣಿಯೂದು ಬಿಟ್ರಿ?"

"ಗಾಡಿ ನಿಂತಿದೆಯಲ್ಲ ಮಾರಾಯ್ತಿ," ಎಂದರು, ಇದೇನು ಪ್ರಶ್ನೆ ಎನ್ನುವ ಹಾಗೆ.

ಗಾಡಿ ಕದಲಿತು. ಕೈಯೂ ಕದಲಿತು.

ಠಾಣೆಯಲ್ಲಿ ಇಳಿದು, ಬೆಂಚಿನ ಮೇಲೆ ತೃಷಾಳನ್ನು ಕೂರಿಸಿ ತೋಳನ್ನು ಅವಳ ಕೈಗೆ ಹಿಡಿದು ಅಳೆದೆವು. ಮಣಿಕಟ್ಟಿನಿಂದ ಕಂಕುಳಿನವರೆಗೆ ಸರಿಯಾಗಿ ಕೂತಿತು. ಮೌಶಿ ಮಗುವಿನ ಕೈಯನ್ನು ಆ ಹಳದಿ ತೋಳಿನ ಸಮೇತ ತಮ್ಮ ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಚಹಾ ಕುಡಿದೆವು, ಡೈಪರ್ ಬದಲಿಸಿದೆ. ಬೆಂಚಿನ ಮೇಲೆಯೇ ಎರಡನೇ ತೋಳಿನ ಪಟ್ಟಿ ಹಾಕಿದರು. ಬರುವಾಗ ಕಳವಾದಿಂದ ಶುರು, ಠಾಕುರ್ಲಿಗೆ ಮುಗಿಯಿತು. ಮನೆಯಲ್ಲಿ ಒಂದರ ಮೇಲೊಂದಿಟ್ಟು ನೋಡಿದರೆ ಒಂದು ಸಾಲಿನ ವ್ಯತ್ಯಾಸವೂ ಇರಲಿಲ್ಲ.

ಡಿಸೆಂಬರ್ ಹದಿನಾಲ್ಕಕ್ಕೆ ತೃಷಾ ಹಳದಿ ಸ್ವೆಟರಿನಲ್ಲಿ ಬೆವರುತ್ತ ಕೇಕು ಕತ್ತರಿಸಿದಳು. ಕಾಕಾ ಮಗುವಿಗೆ ಗಿಲಕಿ ಕೊಟ್ಟರು. ಆಮೇಲೆ ಜೇಬಿನಿಂದ ಸಣ್ಣ ಚೀಟಿಯೊಂದನ್ನು ತೆಗೆದು ಮೌಶಿಯ ಮುಂದೆ ಹಿಡಿದರು. ಠಾಕುರ್ಲಿಯಿಂದ ಠಾಣೆಗೆ ಮೂರು ತಿಂಗಳ ಪಾಸ್.

"ರಿಟೈರ್ ಆದವಳಿಗೆ ಇದೆಂತಕ್ಕೆ?" ಎಂದರು ಮೌಶಿ.

"ನನಗೆ ಮಧ್ಯಾಹ್ನ ಶಾಂತಿಯಿಂದ ಮಲಗ್ಲಿಕ್ಕೆ," ಎಂದು ಕಾಕಾ ಕೇಕಿಗೆ ತಟ್ಟೆ ಚಾಚಿದರು.

ಮೌಶಿ ಪಾಸನ್ನು ರವಿಕೆಯೊಳಗೆ ಸೇರಿಸಿ ನನ್ನ ಕಡೆ ವಾಲಿದರು. "ಆ ಡಬ್ಬಿ ಕೊಡು ನೋಡುವ. ಕಾಮೋಠೆಯಿಂದ ಪಾಪುವಿನ ಸ್ವೆಟರ್ ತರಿಸಿದ್ದೇನೆ, ಆ ಉದ್ದ ತೋಳು ಬಿಚ್ಚಿ ಹೆಣೀಬೇಕು. ನಾಳೆ ಒಂದು ಗಂಟೆಯ ಗಾಡಿಗೆ ಬರ್ತೀಯಾ?"