ಸ್ಟಾರ್ಟ್ ಆಗದ ಕಾರು ಮತ್ತು ಲಿಲ್ಲಿ ಬಾಯಮ್ಮ

ಪೆಟ್ರೋಲ್ ಟ್ಯಾಂಕಿಯೊಳಗೆ ಹೊಸ ಪಂಪ್ ನಾನೇ ಕೂರಿಸಿ ಕೀ ತಿರುಗಿಸಿದೆ. ಕಾರು ಸ್ಟಾರ್ಟ್ ಆಗಲಿಲ್ಲ. ಅಮ್ಮನ ಕಣ್ಣಿನ ಆಪರೇಷನ್‌ಗೆ ಹನ್ನೊಂದು ಗಂಟೆಗೆ ಮಣಿಪಾಲದಲ್ಲಿರಬೇಕಿತ್ತು. ನಮ್ಮ ಕುಟುಂಬದ ಮೊದಲ ಇಂಜಿನಿಯರ್ ನಾನು. ಮೆಕ್ಯಾನಿಕ್‌ನನ್ನು ಕರೆಯಲು ಮನಸ್ಸು ಒಪ್ಪಿರಲಿಲ್ಲ.

ಪಕ್ಕದ ಮನೆಯ ಲಿಲ್ಲಿ ಬಾಯಮ್ಮ ಅಂಗಳಕ್ಕೆ ಬಂದು ಕೇಳಿದರು: "ಕೀ ಆನ್ ಮಾಡುವಾಗ ಹಿಂದಿನಿಂದ ಗುಂಯ್ ಅಂತ ಶಬ್ದ ಉಂಟಾ?"

"ಇಲ್ಲ."

"ಹಾಗಾದರೆ ಪಂಪಿಗೆ ಕರೆಂಟೇ ಹೋಗ್ತಾ ಇಲ್ಲ ಮಾರಾಯ! ಎಂತ ಇಂಜಿನಿಯರ್ ನೀನು?"

ದುಬೈಯಲ್ಲಿರುವ ಗಂಡನ ಕಾರನ್ನು ವರ್ಷವಿಡೀ ನೋಡಿಕೊಳ್ಳುವವರು ಅವರೇ. ಹಿಂದಿನ ಸೀಟು ಎತ್ತಿ ನೋಡಿದರೆ, ಪಂಪಿನ ವಯರಿನ ಸಾಕೆಟ್ ಅರ್ಧ ಮಾತ್ರ ಕೂತಿತ್ತು. ಟಕ್ ಎನ್ನುವವರೆಗೆ ಒತ್ತಿದೆ. ಕಾರು ಸ್ಟಾರ್ಟ್ ಆಯಿತು. ಹತ್ತೂಮುಕ್ಕಾಲಿಗೆ ಆಸ್ಪತ್ರೆ ತಲುಪಿದೆವು.

ಡಿಗ್ರಿಯ ಹೆಮ್ಮೆ ಈಗಲೂ ಉಂಟು. ಆದರೆ ಗೊತ್ತಿಲ್ಲದ್ದನ್ನು ಈಗ ಜೋರಾಗಿಯೇ "ಗೊತ್ತಿಲ್ಲ" ಅನ್ನುತ್ತೇನೆ. ಹತ್ತಿರದಲ್ಲೇ ಯಾರಿಗಾದರೂ ಗೊತ್ತಿರುತ್ತದೆ.