ಜೀಪಿನವನ ಮಡಿ

ಶಿವರಾತ್ರಿಯ ಸಂಜೆ ನಮ್ಮ ಗುಡಿಯ ದೀಪವನ್ನು ಬೆಂಕಿಕಡ್ಡಿಯಿಂದ ಹೊತ್ತಿಸುವ ಪದ್ಧತಿಯಿಲ್ಲ. ಸಕಲೇಶಪುರದ ಈಶ್ವರನ ಸನ್ನಿಧಿಯಲ್ಲಿ ಕಂದೀಲಿಗೆ ಜ್ಯೋತಿ ಪಡೆದು, ಆರದಂತೆ ಹಾನುಬಾಳಿನ ಆಚೆಯ ನಮ್ಮ ಗುಡ್ಡಕ್ಕೆ ತಂದು, ಸೂರ್ಯ ಮುಳುಗುವ ಮುನ್ನ ಗರ್ಭಗುಡಿಯ ದೀಪಕ್ಕೆ ಮುಟ್ಟಿಸಬೇಕು. ಪೂಜೆಯ ಹೊಣೆ ತಂದೆಯವರಿಂದ ನನಗೆ ಬಂದ ಮೇಲೆ ಈ ನೇಮ ಒಂದು ವರ್ಷವೂ ತಪ್ಪಿರಲಿಲ್ಲ. ಕಳೆದ ಶಿವರಾತ್ರಿ ತಪ್ಪುವುದರಲ್ಲಿತ್ತು.

ಪ್ರತಿವರ್ಷ ನನ್ನನ್ನು ಕರೆದೊಯ್ಯುವ ಜೀಪಿನ ಚಾಲಕ ಅಂದೂ ಸಕಲೇಶಪುರದ ದೇವಸ್ಥಾನದ ಮುಂದೆ ನನ್ನನ್ನು ಕಂಡು ಕೈಮುಗಿದ. ಕೈಯಲ್ಲಿ ಉರಿಯುತ್ತಿದ್ದ ಕಂದೀಲನ್ನು ಕಂಡೊಡನೆ ಓಡಿಬಂದು ಅಡ್ಡ ನಿಂತ.

"ಅಲ್ಲೇ ನಿಂತ್ಕಳಿ ಅಯ್ನೋರೆ. ಹಿಂದ್ಗಡೆ ಸ್ಪಿರಿಟ್ ಐತೆ."

ಕಾಫಿ ಹಣ್ಣು ಕೊರೆಯುವ ಹುಳುವನ್ನು ವಾಸನೆಯಿಂದ ಸೆಳೆದು ಹಿಡಿಯುವ ಬಲೆಗಳಿಗೆಂದು ಎಸ್ಟೇಟಿನವರು ತರಿಸಿದ್ದ ಇಪ್ಪತ್ತು ಲೀಟರಿನ ಕ್ಯಾನು ಅದು. ನೆಟ್ಟಗೆ ನಿಲ್ಲಿಸಿ, ಅಲುಗದಂತೆ ಹಗ್ಗ ಬಿಗಿದು, ಬಿಸಿಲು ತಾಗದಂತೆ ಒದ್ದೆ ಗೋಣಿ ಹೊದಿಸಿದ್ದ. ತನ್ನ ಬೀಡಿ ಕಟ್ಟನ್ನು ಅಂಗಡಿಯಲ್ಲೇ ಬಿಟ್ಟಿದ್ದ. ಜೀಪಿನ ಮುಂಗಾಜಿನ ಬಳಿಯ ಗಣಪತಿಗೂ ಆ ದಿನ ಊದುಬತ್ತಿಯಿರಲಿಲ್ಲ.

"ಮುಚ್ಚಳ ಬಿಗಿಯಾಗಿದೆಯಲ್ಲಪ್ಪಾ" ಎಂದೆ.

"ಬಿಗೀನೇ ಐತೆ. ಆದ್ರೆ ಅದ್ರ ಆವಿ ಕಣ್ಣಿಗೆ ಕಾಣ್ಸಾಕಿಲ್ಲ, ನೆಲ ಹಿಡ್ಕಂಡೇ ಬಂದ್ಬುಡ್ತದೆ."

ಕಣ್ಣಿಗೆ ಕಾಣದೆ ಎಲ್ಲೆಡೆ ವ್ಯಾಪಿಸಿರುವ ತತ್ತ್ವವನ್ನು ಕುರಿತು ನಲವತ್ತು ವರ್ಷ ಪಾಠ ಹೇಳಿದವನು ನಾನು. ಈಗ ಅದನ್ನೇ ಅವನಿಂದ ಕೇಳಬೇಕಾಯಿತು. ಆದರೂ ಪಾಂಡಿತ್ಯ ಸುಮ್ಮನಿರಬೇಕಲ್ಲ. "ಅಗ್ನಿ ದೇವತೆಗಳ ಮುಖ ಕಣಯ್ಯಾ" ಎಂದೆ.

"ಅದುಕ್ಕೇ ಹೇಳಿದ್ದು. ಆ ಬಾಯಿಗೆ ಇಪ್ಪತ್ತು ಲೀಟ್ರು ಸಿಕ್ಬುಟ್ರೆ ನಾವಿಬ್ರೂ ನೈವೇದ್ಯ."

ಮುಂದಿನ ಸೀಟಿನಲ್ಲಿದ್ದ ಎಸ್ಟೇಟಿನ ಕೂಲಿ ಲೈನಿನ ಮುದುಕಿ ಸೆರಗು ಬಾಯಿಗೊತ್ತಿ ನಕ್ಕಳು. "ಕೈಲಾಸುಕ್ಕೆ ಜೀಪಲ್ಲೇ ಹೋಗ್ಬೋದು ಬುಡಿ. ನಂಗೇನೂ ಅರ್ಜೆಂಟಿಲ್ಲ."

ಹಬ್ಬದ ಮಧ್ಯಾಹ್ನ ಬೇರೆ ಜೀಪಿರಲಿಲ್ಲ. ಉರಿಯುವ ಕಂದೀಲನ್ನು ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ. ಚಾಲಕನೇ ತೀರ್ಪು ಕೊಟ್ಟ: "ಇದ್ನ ಎಸ್ಟೇಟ್ ಸ್ಟೋರ್‌ಗೆ ಇಳ್ಸಿ ಬತ್ತೀನಿ. ನೀವು ದೀಪ ಕಾಯ್ಕಂಡು ಕೂತಿರಿ."

ದೇವಸ್ಥಾನದ ಜಗಲಿಯಲ್ಲಿ ಶಲ್ಯವನ್ನು ಗಾಳಿಗೆ ಅಡ್ಡ ಹಿಡಿದು ಕುಳಿತೆ. ರುದ್ರವನ್ನು ಒಮ್ಮೆ ಹೇಳಿ ಮುಗಿಸಿದೆ, ಜೀಪು ಬರಲಿಲ್ಲ. ಎರಡನೆಯ ಸಲ ಹೇಳುವಾಗ ನಾಲಿಗೆ ಮಂತ್ರದಲ್ಲಿತ್ತು, ಕಣ್ಣು ಮಾತ್ರ ಪಡುವಣದಲ್ಲಿತ್ತು. ಅವನು ಬಂದಾಗ ಹೊತ್ತು ಸಾಕಷ್ಟು ಇಳಿದಿತ್ತು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೈಮೇಲೆ ಇಬ್ಬರು ಹಿಡಿಸುವಂಥ ಅಂಗಿ.

"ಇಷ್ಟು ತಡವೇಕಯ್ಯಾ?"

"ಸ್ಟೋರಲ್ಲಿ ಬಗ್ಗಿಸ್ವಾಗ ಅಂಗಿ ಮೇಲೆ ಚೆಲ್ತು. ಬಿಚ್ಚಾಕಿ, ಸೋಪಚ್ಚಿ ಮಿಂದು, ಲೆಕ್ಕ ಬರ್ಯೋ ರೈಟರ್ ಅಂಗಿ ಇಕ್ಕಂಡ್ ಬಂದೆ. ಜೀಪೂ ತೊಳ್ದೀನಿ."

ಬಳಿಕ ಬಾಗಿ ಜೀಪಿನ ನೆಲವನ್ನು ಮೂಸಿ ನೋಡಿ, ಹತ್ತಲು ನನಗೆ ಅಪ್ಪಣೆ ಕೊಟ್ಟ. ಇಷ್ಟು ಕಟ್ಟುನಿಟ್ಟಾದ ಮಡಿಯನ್ನು ನಾನು ನನ್ನ ಗುರುಗಳ ಮನೆಯಲ್ಲಿ ಬಿಟ್ಟರೆ ಬೇರೆಲ್ಲಿಯೂ ಕಂಡಿರಲಿಲ್ಲ. ಅಂದು ನಾನಾದರೋ ಬೆಳಗ್ಗೆ ಒಮ್ಮೆ ಮಾತ್ರ ಮಿಂದಿದ್ದೆ.

ಸೂರ್ಯನ ಅಂಚು ಗುಡ್ಡಕ್ಕೆ ತಾಗುವಾಗ ಜ್ಯೋತಿ ಗರ್ಭಗುಡಿಯನ್ನು ಮುಟ್ಟಿತು. ಮಂಗಳಾರತಿಯ ತಟ್ಟೆ ಹಿಡಿದು ಹೊರಬಂದೆ. ಬಾಗಿಲಲ್ಲಿ ನಿಂತಿದ್ದ ಚಾಲಕ ಕೈಚಾಚಲಿಲ್ಲ. ಮೊದಲು ಬಲಗೈ ಮೂಸಿದ, ಆಮೇಲೆ ಎಡಗೈ. ಹಿಂದೆ ಸರತಿ ಬೆಳೆಯುತ್ತಿತ್ತು, ಕರ್ಪೂರ ಕರಗುತ್ತಿತ್ತು. ಅವನ ಪರೀಕ್ಷೆ ಮುಗಿಯುವವರೆಗೆ ನಾನು ತಟ್ಟೆಯನ್ನು ನನ್ನ ಎದೆಯ ಕಡೆಗೇ ಹಿಡಿದು ಕಾದೆ.